ಖಾಲಿ ಅಂಗಣದ ಕುಸ್ತಿ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

1981ರ ಏಪ್ರಿಲ್‌ನಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದೆ ನಡೆದ ಜೆರ್ರಿ ಲಾಲರ್ ಮತ್ತು ಟೆರ್ರಿ ಫಂಕ್ ಕುಸ್ತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ತುಂಬಾ ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ತಿದ್ದಿ ಬರೆದರೆ ಇದು ಒಳ್ಳೆಯ ಲೇಖನ ಆಗುತ್ತದೆ.

ಮೊದಲ ಮೂರು ಪ್ಯಾರಾ "ಇದು ನಿಜವಾದ ಕುಸ್ತಿಯೋ, ನಾಟಕವೋ" ಅನ್ನುವ ಚರ್ಚೆಗೇ ಹೋಗಿದೆ. ತೆಗೆದುಬಿಡಿ. ಇಂಥ ಟಿವಿ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ನಿಗದಿಯಾಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಯಕ್ಷಗಾನ ನೋಡಲು ಹೋದವರು ಕೀಚಕ ನಿಜವಾಗಿ ಸತ್ತನಾ ಅಂತ ಕೇಳುತ್ತಾರಾ? ಪಾತ್ರ ಹೇಗೆ ಕಟ್ಟಿದರು ಅಂತ ನೋಡುತ್ತಾರೆ. ನೀವೂ ಅದನ್ನೇ ನೋಡಿ.

ಅಂಗಣ ಯಾಕೆ ಖಾಲಿ ಇತ್ತು ಅನ್ನುವುದಕ್ಕೆ ನೀವು ಕೊಟ್ಟಿದ್ದು ಒಂದೇ ಸಾಲು. ಇಡೀ ಕಥೆಯ ಬೇರು ಅಲ್ಲಿದೆ. ಫಂಕ್ ಟೆಕ್ಸಾಸಿನವನು, 1975ರಿಂದ 1977ರವರೆಗೆ ಎನ್‌ಡಬ್ಲ್ಯೂಎ (ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಅನ್ನುವ ಕುಸ್ತಿ ಒಕ್ಕೂಟ) ವಿಶ್ವ ಚಾಂಪಿಯನ್ ಆಗಿದ್ದವನು. ಲಾಲರ್ ಮೆಂಫಿಸ್ ಜನರ 'ಕಿಂಗ್'. ಈ ಊರಲ್ಲಿ ಜನ, ಅಧಿಕಾರಿಗಳು ಎಲ್ಲರೂ ಲಾಲರ್ ಕಡೆಗೇ, ಹಾಗಾಗಿ ಯಾರೂ ಇಲ್ಲದ ಜಾಗದಲ್ಲಿ ಬಾ ಅನ್ನುವುದು ಫಂಕ್ ಸವಾಲು. ಇನ್ನು ದುಡ್ಡಿನ ಲೆಕ್ಕ ನೋಡಿ. ಶನಿವಾರ ಬೆಳಿಗ್ಗೆ ಸ್ಥಳೀಯ ಟಿವಿಯಲ್ಲಿ ಕಾರ್ಯಕ್ರಮ, ಸೋಮವಾರ ರಾತ್ರಿ ಮಿಡ್‌ಸೌತ್ ಕಲೀಸಿಯಂನಲ್ಲಿ ಕುಸ್ತಿ. ಟಿವಿ ನೋಡಿದವರು ಬಂದು ಟಿಕೆಟ್ ಕೊಂಡರೆ ಮಾತ್ರ ಕುಸ್ತಿ ನಡೆಸುವವರ ಹೊಟ್ಟೆ ತುಂಬುವುದು. ಅಂಥವರು 10,000ಕ್ಕೂ ಹೆಚ್ಚು ಜನ ಹಿಡಿಸುವ ಅಂಗಣದಲ್ಲಿ ಒಂದೂ ಟಿಕೆಟ್ ಮಾರದೆ ಕುಸ್ತಿ ನಡೆಸಿದರು, ಬರೀ ಟಿವಿಗಾಗಿ. ಎಂಥ ಧೈರ್ಯ ಅಲ್ವಾ? ಇದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಈಗ ಕಾಮೆಂಟರಿ. ಈ ಕುಸ್ತಿಗೆ ಕಾಮೆಂಟರಿ ಹೇಳಿದ ಲ್ಯಾನ್ಸ್ ರಸೆಲ್ ಮಾತಿನಲ್ಲಿ "ಜೀವವೇ ಇಲ್ಲ, ಜಿಮ್ ರಾಸ್ ಮುಂದೆ ಸಪ್ಪೆ" ಅಂತ, ಆಮೇಲಿನ ಕಾಲದ ಟಿವಿ ಕಾಮೆಂಟೇಟರ್ ರಾಸ್ ಜೊತೆ ಹೋಲಿಸಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ತುಂಬಿದ ಸಭೆಯಲ್ಲಿ ಕಾಮೆಂಟರಿ ಹೇಳುವವರು ಜನರ ಗದ್ದಲದ ಮೇಲೆ ದನಿ ಎತ್ತಬೇಕು. ಇಲ್ಲಿ ಗದ್ದಲವೇ ಇಲ್ಲ. ರಸೆಲ್ ಕಿರುಚಿದ್ದರೆ ಇಡೀ ದೃಶ್ಯ ಸುಳ್ಳಾಗಿ ಕೇಳುತ್ತಿತ್ತು. ಅವರು ದನಿ ತಗ್ಗಿಸಿದರು. ಕಂಡದ್ದನ್ನು ಹೇಳಿದರು, ಇಲ್ಲಿ ಏನೋ ಕೆಟ್ಟದ್ದಾಗಲಿದೆ ಅನ್ನುವ ಆತಂಕ ಮಾತಿನಲ್ಲಿ ತಾನಾಗಿ ಇಣುಕಿತು. ಶನಿವಾರ ಬೆಳಿಗ್ಗೆಯ ಆ ಟಿವಿ ಕಾರ್ಯಕ್ರಮದಲ್ಲಿ ಸಹ ನಿರೂಪಕ ಡೇವ್ ಬ್ರೌನ್ ಜೊತೆ ಕೂತು ಮಾತಾಡುವ ರಸೆಲ್ ಅಂದರೆ ಮೆಂಫಿಸ್ ಜನ ನಂಬುತ್ತಿದ್ದರು. ಅವರು ಸಣ್ಣದನ್ನು ದೊಡ್ಡದು ಮಾಡಿ ಹೇಳುವವರಲ್ಲ. ಆ ನಂಬಿಕೆಯೇ ಇಲ್ಲಿ ಕೆಲಸಕ್ಕೆ ಬಂದಿದ್ದು. ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳಿದ ಜಾಗಗಳೂ ಇವೆ. ಅದನ್ನು ಟೀಕಿಸಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ, ಯಾವ ಮಾತು ಅಂತ ತೋರಿಸಿ. "ಸಪ್ಪೆ" ಅಂದುಬಿಟ್ಟರೆ ಓದುಗರಿಗೆ ಏನೂ ಸಿಗುವುದಿಲ್ಲ.

ಗುದ್ದಾಟಕ್ಕೆ ನೀವು ಒಂದು ಪುಟ ಕೊಟ್ಟಿದ್ದೀರಿ. ಕೊನೆಯ ಘಟ್ಟಕ್ಕೆ ಬಂದಾಗ "ಫಂಕ್ ಕಣ್ಣಿಗೆ ಪೆಟ್ಟಾಗಿ ಕುಸ್ತಿ ಮುಗಿಯಿತು" ಅಂತ ಬರೆದು ಮುಂದೆ ಹೋಗಿದ್ದೀರಿ! ನೋವಾಯಿತು ನನಗೆ. ಅಲ್ಲಿ ನಡೆದಿದ್ದೇನು? ಫಂಕ್ ಚೂಪಾದ ಮರದ ತುಂಡು ಹಿಡಿದು ಲಾಲರ್ ಕಣ್ಣಿಗೆ ಚುಚ್ಚಲು ಬರುತ್ತಾನೆ. ಲಾಲರ್ ಒದೆಯುತ್ತಾನೆ. ಆ ತುಂಡು ಫಂಕ್ ಕಣ್ಣಿಗೇ ತಾಗುತ್ತದೆ. "ನನ್ನ ಕಣ್ಣು! ನನ್ನ ಕಣ್ಣು!" ಅಂತ ಅವನು ಅರಚುತ್ತಾನೆ. ಜನ ಇದ್ದಿದ್ದರೆ ಆ ಕೂಗು ಚಪ್ಪಾಳೆಯಲ್ಲಿ ಮುಚ್ಚಿಹೋಗುತ್ತಿತ್ತು. ಖಾಲಿ ಕುರ್ಚಿಗಳ ನಡುವೆ ಅದು ಸ್ಪಷ್ಟವಾಗಿ, ಅಸಹ್ಯ ಅನ್ನಿಸುವಷ್ಟು ಹತ್ತಿರದಿಂದ ಕೇಳುತ್ತದೆ. ನಿಮ್ಮ ಗುದ್ದಾಟದ ಪುಟವನ್ನು ನಾಲ್ಕು ಸಾಲಿಗೆ ಇಳಿಸಿ, ಉಳಿದ ಜಾಗವನ್ನು ಇದಕ್ಕೆ ಕೊಡಿ. ಕುಸ್ತಿಯಾಗಿ ನೋಡಿದರೆ ಪಟ್ಟುಗಳು ಕಡಿಮೆ, ಒರಟಾಟ ಜಾಸ್ತಿ ಅಂತ ನೀವು ಹೇಳಿದ್ದು ಸರಿ. ಅದು ಇರಲಿ.

ತೊಂಬತ್ತರ ದಶಕದ ಕೊನೆಯಲ್ಲಿ ಕೇಬಲ್ ಟಿವಿಯಲ್ಲಿ ಜಿಮ್ ರಾಸ್ ಪಕ್ಕ ಕೂತು ಕಾಮೆಂಟರಿ ಮಾಡುತ್ತಿದ್ದ 'ಕಿಂಗ್' ಇದೇ ಲಾಲರ್ ಅಂತ ಎಲ್ಲೋ ಮಧ್ಯದಲ್ಲಿ ಹೇಳಿದ್ದೀರಿ. ನಮ್ಮ ಓದುಗರಿಗೆ ಅವನ ಪರಿಚಯ ಆಗಿದ್ದೇ ಹಾಗೆ. ಅದನ್ನು ಮೇಲಕ್ಕೆ ತನ್ನಿ. 2020ರ ಕೊರೊನಾ ಕಾಲದಲ್ಲಿ ಪ್ರೇಕ್ಷಕರಿಲ್ಲದೆ ನಡೆದ, ಡಬ್ಲ್ಯೂಡಬ್ಲ್ಯೂಇ ಕುಸ್ತಿ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾಗೆ ಎರಡು ಸಾಲು ಸಾಕು. 1999ರ ರಾಕ್ ಮತ್ತು ಮ್ಯಾನ್‌ಕೈಂಡ್ ಖಾಲಿ ಅಂಗಣದ ಕುಸ್ತಿ ಬಿಟ್ಟುಹೋಗಿದೆ, ಅದನ್ನು ಸೇರಿಸಿ.

ಮತ್ತೆ ಬರೆಯುವ ಮುಂಚೆ ವಿಡಿಯೋವನ್ನು ಒಮ್ಮೆ ಚಿತ್ರ ನೋಡದೆ ಬರೀ ಕೇಳಿ. ರಸೆಲ್ ಎಲ್ಲೆಲ್ಲಿ ಮಾತು ನಿಲ್ಲಿಸುತ್ತಾರೆ ಅಂತ ಗುರುತು ಹಾಕಿಕೊಳ್ಳಿ. 1,200 ಪದ ದಾಟುವುದು ಬೇಡ. ತಿದ್ದಿದ್ದನ್ನು ನೇರ ನನಗೇ ಕಳಿಸಿ.