ನಿಮ್ಮ ‘ಗಣಿಗಾವಲಿಗ’ನ ಕಥೆ ಅವನ ಅಂಕಿಗಳಲ್ಲಿ ಕಾಣುತ್ತಿಲ್ಲ

ಪ್ರಿಯ ಲೇಖಕರೇ,

ಮೇಜಿನ ಸುತ್ತ ಕುಳಿತು, ಪಾತ್ರಗಳನ್ನು ವಹಿಸಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೆಯ ಆವೃತ್ತಿಯ 2014ರ ನಿಯಮಗಳಿಗೆ ಹೊಂದುವಂತೆ ನೀವು ಬರೆದು ಕಳುಹಿಸಿದ ‘ಗಣಿಗಾವಲಿಗ’ ಎಂಬ ಮಾನ್‌ಸ್ಟರ್ (ಆಟಗಾರರು ಎದುರಿಸುವ ಜೀವಿ) ಬರಹವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಅದರೊಳಗೆ ಗಟ್ಟಿಯಾದ ಕಲ್ಪನೆಯೊಂದಿದೆ, ಅದು ಎಲ್ಲಿದೆ ಎಂಬುದು ನಿಮ್ಮ ಗಮನಕ್ಕೇ ಬಂದಂತಿಲ್ಲ. ಆದ್ದರಿಂದ ಒಂದು ಸಾಲಿನಲ್ಲಿ ಹಿಂದಿರುಗಿಸದೆ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಬರಹದ ಮೊದಲ ಎರಡು ಪುಟಗಳು ಗಣಿಯ ಇತಿಹಾಸಕ್ಕೆ ಮೀಸಲಾಗಿವೆ. ಗಣಿ ಕುಸಿದಾಗ ಒಳಗೆ ಜನ ಬದುಕಿದ್ದಾರೆಂದು ಗೊತ್ತಿದ್ದೂ ಮಾಲೀಕರು ಅದರ ಬಾಯಿ ಮುಚ್ಚಿಸುತ್ತಾರೆ; ಒಳಗುಳಿದ ಮೇಸ್ತ್ರಿಯೊಬ್ಬ ಕತ್ತಲಲ್ಲಿ ಕಣ್ಣು ಕಳೆದುಕೊಂಡು, ಸದ್ದಿನಿಂದಲೇ ಸುತ್ತಲನ್ನು ಅರಿಯಲು ಕಲಿತು, ಸತ್ತ ಕೂಲಿಗಳ ದೀಪಗಳನ್ನು ಸಾಲಾಗಿ ತೂಗುಹಾಕಿ, ಪ್ರತಿ ಪಾಳಿಗೊಮ್ಮೆ ಅವರ ಹಾಜರಿ ಕೂಗುತ್ತಾ ಮನುಷ್ಯನಲ್ಲದ ಇನ್ನೇನೋ ಆಗಿಬಿಡುತ್ತಾನೆ. ಮೂರನೆಯ ಪುಟದಲ್ಲಿ ಸ್ಟಾಟ್ ಬ್ಲಾಕ್, ಅಂದರೆ ಅವನ ಶಕ್ತಿಗಳ ಅಂಕಿಪಟ್ಟಿ, ಬರುತ್ತದೆ: ಆರ್ಮರ್ ಕ್ಲಾಸ್ (ಅವನಿಗೆ ಏಟು ತಗುಲುವುದು ಎಷ್ಟು ಕಷ್ಟ ಎಂಬ ಅಂಕಿ) 18, ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲ ಎಂಬ ಅಂಕಿ) 142, 60 ಅಡಿಗಳ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ), +9 ಅಟ್ಯಾಕ್ ಬೋನಸ್ಸಿನೊಡನೆ (ಏಟು ತಗುಲಿತೇ ಎಂದು ನೋಡಲು ಉರುಳಿಸುವ ದಾಳಕ್ಕೆ ಕೂಡುವ ಅಂಕಿ) ಪ್ರತಿ ಟರ್ನ್‌ನಲ್ಲಿ ಉಗುರುಗಳಿಂದ 2ಡಿ10+4 (ಹತ್ತು ಮುಖದ ಎರಡು ದಾಳಗಳ ಮೊತ್ತಕ್ಕೆ ನಾಲ್ಕು ಸೇರಿಸಿದಷ್ಟು) ಡ್ಯಾಮೇಜಿನ ಎರಡು ಏಟು, ಒಮ್ಮೆ ಮಾತ್ರ ಬಳಸಬಹುದಾದ 6ಡಿ6 ಡ್ಯಾಮೇಜಿನ ದೂಳಿನ ಉಸಿರು, ಪ್ರತಿ ಟರ್ನ್ ಆರಂಭದಲ್ಲಿ 10 ಹಿಟ್ ಪಾಯಿಂಟ್ ಮರಳಿಸುವ ರೀಜನರೇಷನ್, ದಿನಕ್ಕೆ ಮೂರು ಲೆಜೆಂಡರಿ ರೆಸಿಸ್ಟೆನ್ಸ್ (ಮಂತ್ರ ಮುಂತಾದವನ್ನು ತಡೆಯುವಲ್ಲಿ ಸೋತರೂ ಗೆದ್ದಂತೆ ಎಣಿಸುವ ಶಕ್ತಿ), ಬೆಂಕಿ ಮತ್ತು ಚಳಿಯ ಡ್ಯಾಮೇಜಿಗೆ ರೆಸಿಸ್ಟೆನ್ಸ್ (ಅದನ್ನು ಅರ್ಧಕ್ಕಿಳಿಸುವ ಗುಣ). ಇಷ್ಟರ ಕೆಳಗೆ ಚಾಲೆಂಜ್ ರೇಟಿಂಗ್, ಅಂದರೆ ಎಷ್ಟನೆಯ ಮಟ್ಟದ ತಂಡಕ್ಕೆ ತಕ್ಕ ಎದುರಾಳಿ ಎಂಬ ಅಂಕಿ, 5 ಎಂದು ನಮೂದಿಸಿದ್ದೀರಿ.

ಸ್ಟಾಟ್ ಬ್ಲಾಕಿನ ಮೇಲಿರುವ ಹೆಸರನ್ನು ಕೈಯಿಂದ ಮುಚ್ಚಿ ಉಳಿದುದನ್ನು ನೀವೇ ಓದಿ ನೋಡಿ. ಅದು ಯಾವ ಪ್ರಾಣಿಯದು ಎಂದು ಹೇಳಲು ಬರುವುದಿಲ್ಲ. ಹಿಮಗುಡ್ಡದ ದೈತ್ಯನಿಗೂ ಜೌಗಿನ ಹಾವಿಗೂ ಅದೇ ಅಂಕಿಗಳನ್ನು ಅಂಟಿಸಬಹುದು. ನಿಮ್ಮ ಕಥೆಯಲ್ಲಿ ಅವನು ಕುರುಡ, ನಿಮ್ಮ ಅಂಕಿಗಳಲ್ಲಿ ಅವನಿಗೆ ಕತ್ತಲಲ್ಲಿ 60 ಅಡಿ ದೂರ ಕಣ್ಣು ಕಾಣುತ್ತದೆ. ಇದನ್ನು ಕೈತಪ್ಪೆಂದು ಭಾವಿಸಿ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಇಡೀ ಬರಹದ ತೊಂದರೆ ಇದೊಂದು ಸಾಲಿನಲ್ಲೇ ಇದೆ. ನೀವು ಕಥೆಯನ್ನು ಒಂದು ಸಲ, ಅಂಕಿಗಳನ್ನು ಇನ್ನೊಂದು ಸಲ, ಒಂದರ ಮುಖ ಇನ್ನೊಂದಕ್ಕೆ ತೋರಿಸದೆ ಬರೆದಿದ್ದೀರಿ.

ಆಟಗಾರರು ನಿಮ್ಮ ಎರಡು ಪುಟಗಳನ್ನು ಓದುವುದೇ ಇಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಓದುವವರು ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬರೇ. ಮೇಜಿನ ಸುತ್ತ ಕುಳಿತ ಉಳಿದ ನಾಲ್ವರಿಗೆ ಗಣಿಗಾವಲಿಗ ಏನು ಮಾಡುತ್ತಾನೋ ಅದು ಮಾತ್ರ ಕಾಣುತ್ತದೆ, ತಾವು ಮಾಡಿದ್ದಕ್ಕೆ ಅವನು ಹೇಗೆ ಪ್ರತಿಕ್ರಿಯಿಸುತ್ತಾನೋ ಅದು ಮಾತ್ರ ತಿಳಿಯುತ್ತದೆ. ಹಾಗಾಗಿ ಮಾನ್‌ಸ್ಟರ್ ಬರೆಯುವವರಿಗೆ ಕಥೆ ಹೇಳಲು ಇರುವ ಮುಖ್ಯ ಸಾಧನ ನಿಯಮಗಳೇ. 2014ರ ನಿಯಮಗಳಲ್ಲಿನ ಟ್ರೋಲ್ ಎಂಬ ದೈತ್ಯಪ್ರಾಣಿಯನ್ನು ನೋಡಿ. ಅದಕ್ಕೆ 84 ಹಿಟ್ ಪಾಯಿಂಟ್ ಇವೆ, ಪ್ರತಿ ಟರ್ನ್ ಆರಂಭದಲ್ಲಿ 10 ಮರಳಿ ಬರುತ್ತವೆ, ಬೆಂಕಿ ಅಥವಾ ಆಮ್ಲ ತಗುಲಿದರೆ ಅದರ ಮುಂದಿನ ಟರ್ನ್‌ನಲ್ಲಿ ಮರಳುವುದಿಲ್ಲ. ಈ ನಿಯಮ ಮೇಜಿನ ಮೇಲೆ ಬಂದ ಕೂಡಲೇ ಕತ್ತಿ ಹಿಡಿದವನು ಪಂಜು ಹುಡುಕತೊಡಗುತ್ತಾನೆ, ಕಡಿದಷ್ಟೂ ಕೂಡಿಕೊಳ್ಳುವ ಮೈಯ ಭಯ ಯಾವ ವರ್ಣನೆಯೂ ಇಲ್ಲದೆ ಹುಟ್ಟುತ್ತದೆ. ರಸ್ಟ್ ಮಾನ್‌ಸ್ಟರ್ ಇನ್ನೂ ಒಳ್ಳೆಯ ಪಾಠ. ಅದರ ಹಿಟ್ ಪಾಯಿಂಟ್ ಬರೀ 27, ಚಾಲೆಂಜ್ ರೇಟಿಂಗ್ ಅರ್ಧ. ಆದರೂ ಕಬ್ಬಿಣದ ಕವಚ ತೊಟ್ಟ ವೀರ ಅದನ್ನು ಕಂಡು ಹಿಂದೆ ಸರಿಯುತ್ತಾನೆ, ಬಟ್ಟೆಯ ನಿಲುವಂಗಿಯ ಮಾಂತ್ರಿಕ ಮುಂದೆ ಬರುತ್ತಾನೆ, ಏಕೆಂದರೆ ಅದು ತಿನ್ನುವುದು ಲೋಹವನ್ನು. ತಂಡದೊಳಗಿನ ಪಾತ್ರಗಳನ್ನೇ ಅದಲುಬದಲು ಮಾಡುವ ಈ ಒಂದು ನಿಯಮ ಎಷ್ಟೋ ಪುಟಗಳ ಪೂರ್ವಕಥೆಗಿಂತ ಹೆಚ್ಚಿನದನ್ನು ಹೇಳುತ್ತದೆ.

ನಿಮ್ಮ ಗಣಿಗಾವಲಿಗನೂ ಟ್ರೋಲ್‌ನಂತೆಯೇ ಪ್ರತಿ ಟರ್ನ್‌ಗೆ 10 ಹಿಟ್ ಪಾಯಿಂಟ್ ಮರಳಿ ಪಡೆಯುತ್ತಾನೆ. ಏಕೆ? ನಿಮ್ಮ ಕಥೆಯಲ್ಲಿ ಗಾಯ ಮಾಯುವ ಮಾತೇ ಇಲ್ಲ, ಅದನ್ನು ತಡೆಯುವ ಉಪಾಯವನ್ನೂ ನೀವು ಕೊಟ್ಟಿಲ್ಲ. ಉಪಾಯವಿಲ್ಲದ ರೀಜನರೇಷನ್ ಹೋರಾಟವನ್ನು ಉದ್ದ ಮಾಡುತ್ತದೆಯೇ ಹೊರತು ಆಟಗಾರರ ಮುಂದೆ ಹೊಸ ಆಯ್ಕೆಯನ್ನು ಇಡುವುದಿಲ್ಲ. ಬೆಂಕಿ, ಚಳಿಗಳ ರೆಸಿಸ್ಟೆನ್ಸಿಗೂ ಕಾರಣ ಕಾಣಲಿಲ್ಲ, ಎರಡನ್ನೂ ತೆಗೆದುಹಾಕಿ.

ಇನ್ನು ಲೆಕ್ಕದ ವಿಚಾರ. ಅಂಕಿಗಳು ಬರೀ ಸೂಚನೆ, ಒಳ್ಳೆಯ ಗೇಮ್ ಮಾಸ್ಟರ್ ಅವನ್ನು ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತಾನೆ ಎಂದು ನಿಮ್ಮ ಮುಖಪತ್ರದಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬದಲಿಸುವ ಸ್ವಾತಂತ್ರ್ಯ ಅವರಿಗೆ ಇದ್ದೇ ಇದೆ, ಆದರೆ ಯಾವುದರಿಂದ ಬದಲಿಸುತ್ತಿದ್ದೇವೆ ಎಂಬುದು ನಂಬಿಕೆಗೆ ಅರ್ಹವಾಗಿದ್ದಾಗ ಮಾತ್ರ ಆ ಸ್ವಾತಂತ್ರ್ಯಕ್ಕೆ ಅರ್ಥವಿರುತ್ತದೆ. ದಿನದ ಕೆಲಸ ಮುಗಿಸಿ ಆಟಕ್ಕೆ ಸಿದ್ಧತೆ ಮಾಡಿಕೊಳ್ಳುವ ವ್ಯಕ್ತಿ ನಮ್ಮ ಪುಟವನ್ನು ತೆರೆಯುವುದೇ ಲೆಕ್ಕವನ್ನು ನಾವು ಮಾಡಿಟ್ಟಿದ್ದೇವೆಂಬ ವಿಶ್ವಾಸದಿಂದ. ಐದನೆಯ ಮಟ್ಟದ ತಂಡದ ಎದುರು 5 ಎಂದು ಬರೆದ ಮಾನ್‌ಸ್ಟರ್ ಅನ್ನು ನಿಲ್ಲಿಸಿದಾಗ ಅದು ನಿಜವಾಗಿ 8 ಅಥವಾ 9ರದ್ದಾಗಿದ್ದರೆ, ಯಾರೋ ತಿಂಗಳುಗಟ್ಟಲೆ ಪ್ರೀತಿಯಿಂದ ಬೆಳೆಸಿದ ಪಾತ್ರ ನಮ್ಮ ಅಜಾಗರೂಕತೆಯಿಂದ ಸಾಯುತ್ತದೆ.

ನಿಮ್ಮದು ಅಂಥದ್ದೇ ಪ್ರಕರಣ. 2014ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಕೊಟ್ಟಿರುವ ವಿಧಾನದ ಪ್ರಕಾರ ರೀಜನರೇಷನ್ ಇದ್ದರೆ ಒಂದು ರೌಂಡಿಗೆ (ಎಲ್ಲರ ಟರ್ನ್ ಒಮ್ಮೊಮ್ಮೆ ಮುಗಿಯುವ ಸುತ್ತು) ಮರಳುವ ಮೊತ್ತದ ಮೂರರಷ್ಟನ್ನು ಹಿಟ್ ಪಾಯಿಂಟ್‌ಗೆ ಕೂಡಿಸಬೇಕು. 5ರಿಂದ 10ರವರೆಗಿನ ರೇಟಿಂಗ್ ಬಯಸುವ ಮಾನ್‌ಸ್ಟರ್‌ಗೆ ಪ್ರತಿ ಲೆಜೆಂಡರಿ ರೆಸಿಸ್ಟೆನ್ಸಿಗೆ 20ರಂತೆ ಸೇರಿಸಬೇಕು. ನಿಮ್ಮ 142ಕ್ಕೆ 30 ಮತ್ತು 60 ಸೇರಿದರೆ 232 ಆಗುತ್ತದೆ. ಕೋಷ್ಟಕದಲ್ಲಿ 221ರಿಂದ 235ರವರೆಗಿನ ಹಿಟ್ ಪಾಯಿಂಟ್ ಇರುವುದು ರೇಟಿಂಗ್ 11ರ ಸಾಲಿನಲ್ಲಿ. ಅಲ್ಲಿ ನಿರೀಕ್ಷಿತ ಆರ್ಮರ್ ಕ್ಲಾಸ್ 17, ನಿಮ್ಮದು 18, ಆ ಒಂದರ ವ್ಯತ್ಯಾಸದಿಂದ ಏನೂ ಬದಲಾಗುವುದಿಲ್ಲ. ಆಕ್ರಮಣದ ಕಡೆ ನೋಡೋಣ. ಎರಡು ಉಗುರೇಟಿನ ಸರಾಸರಿ 30, ದೂಳಿನ ಉಸಿರು ಇಬ್ಬರಿಗೆ ತಗುಲಿತೆಂದು ಹಿಡಿದರೆ 42, ಮೂರು ರೌಂಡುಗಳ ಸರಾಸರಿ 34. ಇದು 5ರ ಸಾಲಿನ 33ರಿಂದ 38ರ ಒಳಗೇ ಬರುತ್ತದೆ. ಆದರೆ ಅಲ್ಲಿ ನಿರೀಕ್ಷಿಸುವ ಅಟ್ಯಾಕ್ ಬೋನಸ್ +6, ನಿಮ್ಮದು ಮೂರು ಹೆಚ್ಚು, +9, ಹಾಗಾಗಿ ಆಕ್ರಮಣದ ರೇಟಿಂಗ್ ಒಂದು ಏರಿ 6 ಆಗುತ್ತದೆ. ರಕ್ಷಣೆಯ ಹನ್ನೊಂದು ಮತ್ತು ಆಕ್ರಮಣದ ಆರರ ಸರಾಸರಿ ಎಂಟೂವರೆ, ಅದೇ ಅವನ ನಿಜವಾದ ರೇಟಿಂಗ್.

ಇದರ ಪರಿಣಾಮ ಹೀಗಿರುತ್ತದೆ. ಐದನೆಯ ಮಟ್ಟದ ಮಾಂತ್ರಿಕನಿಗೆ, ಕಾನ್ಸ್ಟಿಟ್ಯೂಷನ್ (ದೇಹದಾರ್ಢ್ಯ) ಬೋನಸ್ +2 ಇದ್ದರೂ, ಸಾಮಾನ್ಯವಾಗಿ 32 ಹಿಟ್ ಪಾಯಿಂಟ್ ಇರುತ್ತವೆ. ಅವನ ಆರ್ಮರ್ ಕ್ಲಾಸ್ 15 ಎಂದುಕೊಂಡರೂ +9 ಬೋನಸ್ಸಿನ ಏಟು ನೂರಕ್ಕೆ 75 ಸಲ ತಗುಲುತ್ತದೆ, ಎರಡೂ ತಗುಲಿದರೆ ಅವನಿಗೆ ಉಳಿಯುವುದು ಎರಡು ಹಿಟ್ ಪಾಯಿಂಟ್. ಇಂಥ ಹೋರಾಟದಲ್ಲಿ ದೀಪಗಳನ್ನೂ ಹಾಜರಿಯನ್ನೂ ಗಮನಿಸುವ ವ್ಯವಧಾನ ಯಾರಿಗಿರುತ್ತದೆ? ತಪ್ಪಿದ ಲೆಕ್ಕ ನಿಮ್ಮ ಕಥೆಯನ್ನೇ ಕೊಲ್ಲುತ್ತದೆ. ರೀಜನರೇಷನ್ ಮತ್ತು ಲೆಜೆಂಡರಿ ರೆಸಿಸ್ಟೆನ್ಸ್ ಎರಡನ್ನೂ ಕೈಬಿಟ್ಟು, ಆರ್ಮರ್ ಕ್ಲಾಸ್ 15ಕ್ಕೂ ಅಟ್ಯಾಕ್ ಬೋನಸ್ +6ಕ್ಕೂ ಇಳಿಸಿದರೆ, ನಿಮ್ಮ 142 ಹಿಟ್ ಪಾಯಿಂಟ್ ಮತ್ತು ಡ್ಯಾಮೇಜ್ ಹಾಗೆಯೇ ಉಳಿದು ರೇಟಿಂಗ್ ಸರಿಯಾಗಿ 5ಕ್ಕೆ ಬಂದು ನಿಲ್ಲುತ್ತದೆ. ಬಹುಶಃ ಮೊದಲ ಕರಡಿನಲ್ಲಿ ನೀವು ಅಲ್ಲೇ ಇದ್ದಿರಿ, ಆಮೇಲೆ ಅವನು ಸಾಕಷ್ಟು ಭಯಂಕರನಾಗಿಲ್ಲ ಎನ್ನಿಸಿ ಒಂದೊಂದನ್ನೇ ಸೇರಿಸುತ್ತಾ ಹೋದಿರಿ ಎಂದು ನನ್ನ ಊಹೆ.

ಭಯ ಬರಬೇಕಾದದ್ದು ಕಿವಿಯಿಂದ. ಡಾರ್ಕ್‌ವಿಷನ್ ತೆಗೆದು 60 ಅಡಿಗಳ ಬ್ಲೈಂಡ್‌ಸೈಟ್ (ಕಣ್ಣಿನ ನೆರವಿಲ್ಲದೆ ಸುತ್ತಲನ್ನು ಅರಿಯುವ ಶಕ್ತಿ) ಕೊಡಿ, ಅದರಾಚೆ ಅವನು ಕುರುಡನೆಂದು ಬರೆಯಿರಿ, ಕಿವುಡಾದಾಗ ಆ ಶಕ್ತಿಯೂ ಇಲ್ಲವೆಂದು ಸೇರಿಸಿ. ಇಷ್ಟರಿಂದಲೇ ಎಷ್ಟೆಲ್ಲ ಬದಲಾಗುತ್ತದೆ ನೋಡಿ. ಆಟಗಾರರು ಮೊದಲು ತಮ್ಮ ಲಾಂದ್ರ ಆರಿಸಿ ಕತ್ತಲಲ್ಲಿ ಅಡಗುತ್ತಾರೆ, ಅವನು ನೇರವಾಗಿ ಅವರತ್ತಲೇ ಬರುತ್ತಾನೆ. ಅದೃಶ್ಯನಾದವನಿಗೂ ರಕ್ಷಣೆ ಇಲ್ಲ. ನುಸುಳಿ ಹೋಗಲು ಪ್ರಯತ್ನಿಸುವಾಗ ಚೈನ್ ಮೇಲ್ ಎಂಬ ಲೋಹದ ಕವಚ ತೊಟ್ಟವರಿಗೆ ಸ್ಟೆಲ್ತ್ (ಸದ್ದಿಲ್ಲದೆ ಸಾಗುವ) ಪರೀಕ್ಷೆಯಲ್ಲಿ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಉರುಳಿಸಿ ಕಡಿಮೆಯದನ್ನು ಹಿಡಿಯುವುದು) ಇರುವುದರಿಂದ ಕವಚ ಬಿಚ್ಚಿ ಹೋಗಬೇಕೋ ತೊಟ್ಟೇ ಹೋಗಬೇಕೋ ಎಂಬ ಪ್ರಶ್ನೆ ಏಳುತ್ತದೆ. ಇಪ್ಪತ್ತು ಅಡಿ ತ್ರಿಜ್ಯದೊಳಗೆ ಸದ್ದಡಗಿಸುವ ಸೈಲೆನ್ಸ್ ಮಂತ್ರ ಇಲ್ಲಿ ಬೆಲೆ ಬಾಳುತ್ತದೆ. ಆದರೆ ಅದರೊಳಗೆ ನಿಂತವರು ಬಾಯಿಬಿಟ್ಟು ಹೇಳಬೇಕಾದ ಯಾವ ಮಂತ್ರವನ್ನೂ ಪ್ರಯೋಗಿಸಲಾರರು, ಆದ್ದರಿಂದ ಆ ಉಪಾಯಕ್ಕೂ ತೆರಬೇಕಾದ ಬೆಲೆಯಿದೆ. ಮೂಲೆಗೆ ಒಂದು ಕಲ್ಲೆಸೆಯುವುದು ಒಳ್ಳೆಯ ತಂತ್ರವಾಗುತ್ತದೆ.

ಲೆಜೆಂಡರಿ ರೆಸಿಸ್ಟೆನ್ಸ್ ಸೇರಿಸುವಾಗ ನಿಮ್ಮ ಮನಸ್ಸಿನಲ್ಲಿದ್ದ ಚಿಂತೆ ನ್ಯಾಯವಾದದ್ದೇ. ನಾಲ್ವರಿಗೆ ನಾಲ್ಕು ಟರ್ನ್, ಒಂಟಿ ಮಾನ್‌ಸ್ಟರ್‌ಗೆ ಒಂದೇ ಟರ್ನ್. ಈ ಅಸಮತೆ ದೊಡ್ಡ ಪ್ರಾಣಿಯನ್ನೂ ನಿಂತಲ್ಲೇ ಏಟು ತಿನ್ನುವ ಕಂಬವಾಗಿಸುತ್ತದೆ. ಪರಿಹಾರವನ್ನೂ ಅವನ ಕಿವಿಯಲ್ಲೇ ಹುಡುಕಿ. 60 ಅಡಿಗಳೊಳಗೆ ಯಾರಾದರೂ ಮಂತ್ರ ಉಚ್ಚರಿಸಿದರೆ ಅವನು ರಿಯಾಕ್ಷನ್ (ಇತರರ ಟರ್ನ್‌ನಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಬಳಸಿ, ತನ್ನ ವೇಗದ ಅರ್ಧದಷ್ಟು ದೂರ ಆ ದನಿಯತ್ತ ಧಾವಿಸಬಹುದು ಎಂದು ಬರೆದರೆ ಸಾಕು. ಏಟು ಬೇಡ, ಚಲನೆ ಮಾತ್ರ. ಆಗ ಡ್ಯಾಮೇಜಿನ ಲೆಕ್ಕ ಕೆಡುವುದಿಲ್ಲ, ಆದರೆ ಹಿಂದೆ ನಿಂತವರಿಗೆ ನೆಮ್ಮದಿಯೂ ಇರುವುದಿಲ್ಲ.

ಈಗ ನನಗೆ ಅತ್ಯಂತ ಇಷ್ಟವಾದ ಸಾಲಿಗೆ ಬರುತ್ತೇನೆ. ಅವನು ಹಾಜರಿ ಕೂಗುತ್ತಾನೆ ಎಂಬುದನ್ನು ನೀವು ಇತಿಹಾಸದ ಕೊನೆಯ ಪ್ಯಾರಾದಲ್ಲಿ, ಅಲಂಕಾರಕ್ಕೆಂಬಂತೆ ಬರೆದು ಬಿಟ್ಟಿದ್ದೀರಿ. ಇಡೀ ಬರಹದಲ್ಲಿ ಆಟಗಾರರು ತಮ್ಮ ಕಿವಿಯಿಂದಲೇ ಕೇಳಬಹುದಾದ ಸಂಗತಿ ಅದೊಂದೇ. ಗೇಮ್ ಮಾಸ್ಟರ್ ಒಂದು ಹೆಸರನ್ನು ಕೂಗಿ ಸುಮ್ಮನಾದಾಗ, ಮೇಜಿನ ಸುತ್ತ ಇರುವ ಯಾರಾದರೊಬ್ಬರು ‘ಹಾಜರ್’ ಎಂದೇ ತೀರುತ್ತಾರೆ. ಆಗ ಏನಾಗುತ್ತದೆ? ನಿಮ್ಮ ಸ್ಟಾಟ್ ಬ್ಲಾಕ್ ಇದಕ್ಕೆ ಉತ್ತರಿಸಬೇಕು. ಉತ್ತರ ಕೊಟ್ಟವನನ್ನು ಗಣಿಗಾವಲಿಗ ತನ್ನ ಕೂಲಿಯೆಂದು ನಂಬಿ ಹೊಡೆಯುವುದಿಲ್ಲ, ಆದರೆ ಆ ವ್ಯಕ್ತಿ ಸುರಂಗದಿಂದ ಹೊರಡಲು ತಿರುಗಿದ ಕ್ಷಣ ಉಳಿದವರನ್ನೆಲ್ಲ ಬಿಟ್ಟು ಅವನೊಬ್ಬನನ್ನೇ ತಡೆಯುತ್ತಾನೆ ಎಂಬುದು ಒಂದು ದಾರಿ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯಬಹುದು, ಹೊಳೆದರೆ ಅದನ್ನೇ ಬರೆಯಿರಿ. ಉತ್ತರಿಸುವುದರಿಂದ ಲಾಭವೂ ನಷ್ಟವೂ ಎರಡೂ ಇರಬೇಕು ಎಂಬುದಷ್ಟೇ ನನ್ನ ಒತ್ತಾಯ.

ಹೀಗೆ ಮಾಡಿದರೆ ಎರಡು ಪುಟಗಳ ಇತಿಹಾಸ ವ್ಯರ್ಥವಾಗುವುದಿಲ್ಲ, ಅದು ಜಾಗ ಬದಲಿಸುತ್ತದೆ. ತೂಗುಹಾಕಿದ ದೀಪಗಳ ಮೇಲೆ ಕೂಲಿಗಳ ಹೆಸರುಗಳನ್ನು ಕೆತ್ತಿಸಿ. ದೀಪಗಳನ್ನು ನೋಡಿಕೊಂಡು ಬಂದವರಿಗೆ ಹಾಜರಿಯ ಹೆಸರುಗಳು ಅರ್ಥವಾಗುತ್ತವೆ. ಗಣಿಯ ಬಾಯಿಯನ್ನು ಹೊರಗಿನಿಂದ ಗಾರೆ ಹಾಕಿ ಮುಚ್ಚಿದ್ದು, ಒಳಮೈಯಲ್ಲಿ ಉಗುರಿನ ಗೀರುಗಳಿರುವುದು ಕಂಡರೆ ಮಾಲೀಕರ ದ್ರೋಹವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೇಮ್ ಮಾಸ್ಟರ್‌ಗಾಗಿ ಇತಿಹಾಸವನ್ನು ಎಂಟು ಹತ್ತು ಸಾಲುಗಳಲ್ಲಿ ಬರೆದರೆ ಸಾಕು. ಮಾಲೀಕರ ವಂಶಾವಳಿ ಖಂಡಿತ ಬೇಡ.

ಇನ್ನೊಂದು ಕೊರತೆ ಇದೆ. ಅವನು ಸೋಲುತ್ತಿರುವಾಗ ಏನು ಮಾಡುತ್ತಾನೆ ಎಂದು ನೀವು ಎಲ್ಲೂ ಹೇಳಿಲ್ಲ. ಹಳೆಯ ಆವೃತ್ತಿಗಳು ಈ ಪ್ರಶ್ನೆಯನ್ನು ಅಂಕಿಯಲ್ಲೇ ಕೇಳುತ್ತಿದ್ದವು.  1981ರ ಬೇಸಿಕ್ ನಿಯಮಗಳಲ್ಲಿ ಪ್ರತಿ ಮಾನ್‌ಸ್ಟರ್‌ಗೂ 2ರಿಂದ 12ರೊಳಗಿನ ಮೊರೇಲ್ (ಎದೆಗಾರಿಕೆ) ಸಂಖ್ಯೆ ಇತ್ತು, 2ಡಿ6 ಉರುಳಿಸಿ ಅದನ್ನು ಮೀರಿದರೆ ಆ ಪ್ರಾಣಿ ಹೋರಾಟ ಬಿಡುತ್ತಿತ್ತು. 2008ರ ನಾಲ್ಕನೆಯ ಆವೃತ್ತಿ ಅರ್ಧ ಹಿಟ್ ಪಾಯಿಂಟ್‌ಗೆ ಇಳಿದ ಸ್ಥಿತಿಗೆ ‘ಬ್ಲಡೀಡ್’ ಎಂದು ಹೆಸರಿಟ್ಟು, ಅಲ್ಲಿಂದ ಮಾನ್‌ಸ್ಟರ್‌ನ ವರ್ತನೆ ಬದಲಾಗಲು ಅವಕಾಶ ಕೊಟ್ಟಿತು. ಸ್ವಭಾವವನ್ನು ಅಂಕಿಯಾಗಿ ಬರೆಯುವ ಈ ಪರಂಪರೆಯನ್ನು ನೀವು ಧಾರಾಳವಾಗಿ ಬಳಸಿಕೊಳ್ಳಿ. 71 ಹಿಟ್ ಪಾಯಿಂಟ್‌ಗೆ ಇಳಿದಾಗ ಗಣಿಗಾವಲಿಗ ಓಡುವನೇ? ಓಡಲು ಅವನಿಗೆ ಗಣಿಯ ಹೊರಗೆ ಜಗತ್ತೇ ಇಲ್ಲ. ದೀಪಗಳ ಸಾಲಿಗೆ ಹಿಂದೆ ಸರಿದು ಅದರ ಮುಂದೆ ನಿಲ್ಲುತ್ತಾನೆಂದು ನನಗೆ ತೋರುತ್ತದೆ, ನಿಮ್ಮ ಪಾತ್ರವನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು.

ಪರಿಷ್ಕೃತ ಪ್ರತಿಯಲ್ಲಿ ಸ್ಟಾಟ್ ಬ್ಲಾಕ್ ಮೊದಲು ಬರಲಿ, ಇತಿಹಾಸ ಅದರ ಕೆಳಗಿರಲಿ, ಎರಡೂ ಸೇರಿ ಒಂದೂವರೆ ಪುಟ ಮೀರದಿರಲಿ. ಚಾಲೆಂಜ್ ರೇಟಿಂಗ್ ಹೇಗೆ ಬಂತೆಂಬ ಲೆಕ್ಕದ ಹಾಳೆಯನ್ನು ಜೊತೆಗಿಡಿ. ಕಳುಹಿಸುವ ಮೊದಲು, ಈ ಬರಹವನ್ನು ಓದದ ನಾಲ್ವರೊಂದಿಗೆ ಆಡಿ, ಆಟ ಮುಗಿದ ಮೇಲೆ ಗಣಿಗಾವಲಿಗ ಯಾರೆಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ತಿದ್ದದೆ ಬರೆದು ಅದನ್ನೂ ಕಳುಹಿಸಿ. ಅದನ್ನು ಮೊದಲು ಓದಿ, ಆಮೇಲೆ ನಿಮ್ಮ ಬರಹ ತೆರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ