ಸಂಪಾದಕರ ಉತ್ತರ: ನಿನ್ನೆಯ ಬಾಕಿ ಬಿಡಿ, ಇಂದಿನ ಪಾಲು ಓದಿ

ಮಂಡ್ಯದ ಸಹೋದರಿಯೊಬ್ಬರು ಬರೆದ ಪತ್ರದ ಸಾರ ಇದು: ಹೊಸ ವರ್ಷದ ಆರಾಧನೆಯಲ್ಲಿ ಸಿಕ್ಕಿದ ‘ಒಂದು ವರ್ಷದಲ್ಲಿ ಸತ್ಯವೇದ’ ಎಂಬ ಬೈಬಲ್ ಓದಿನ ಪಟ್ಟಿ ಹಿಡಿದು ಓದಲು ಶುರುಮಾಡಿದರು. ಫೆಬ್ರವರಿಯಲ್ಲಿ, ಸತ್ಯವೇದದ ಮೂರನೇ ಪುಸ್ತಕವಾದ ಯಾಜಕಕಾಂಡದ ನಡುವೆ, ಓದು ನಿಂತಿತು. ಬಾಕಿ ಅಧ್ಯಾಯಗಳನ್ನು ಭಾನುವಾರ ತೀರಿಸೋಣವೆಂದು ಕೂತರೆ ನಿದ್ದೆ. ಐದಕ್ಕೆ ಎದ್ದು ಅಡುಗೆ, ಇಬ್ಬರು ಮಕ್ಕಳ ಡಬ್ಬಿ, ಆಮೇಲೆ ಮೈಸೂರಿನ ಕೆಲಸಕ್ಕೆ ರೈಲು. ರಾತ್ರಿ ಒಂಬತ್ತೂವರೆಯ ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ತೂಕಡಿಸುತ್ತಾರೆ. ತಾವು ಕಣ್ಣು ಮುಚ್ಚಿದರೆ ಗ್ಯಾಸ್ ಸಿಲಿಂಡರ್, ಶಾಲೆಯ ಫೀಸು ಕಣ್ಣ ಮುಂದೆ. ಮುಟ್ಟಿನ ದಿನಗಳಲ್ಲಿ ಸತ್ಯವೇದ ಮುಟ್ಟಬಾರದೆಂದು ಅತ್ತೆ ಹೇಳುತ್ತಾರೆ. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರು ನಾಲ್ಕಕ್ಕೇ ಏಳುತ್ತಿದ್ದರೆಂದು ಪ್ರಸಂಗದಲ್ಲಿ ಕೇಳಿದಂದಿನಿಂದ ಮನಸ್ಸು ಇನ್ನೂ ಕುಗ್ಗಿದೆ. “ದೇವರಿಗೆ ನನ್ನ ಮೇಲೆ ಬೇಸರವಾಗಿದೆಯೇ?”

ಪ್ರಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇವೆ. ಇಲ್ಲ, ಬೇಸರವಾಗಿಲ್ಲ. ಅನುದಿನದ ಧ್ಯಾನ ದೇವರ ಪ್ರೀತಿಗೆ ನಾವು ಕಟ್ಟುವ ಕಂತಲ್ಲ. ಆತನ ಕರುಣೆ ದಿನದಿನವೂ ಹೊಸದು ಎಂದು ಪ್ರಲಾಪಗಳ ಮೂರನೇ ಅಧ್ಯಾಯ ಹೇಳುತ್ತದೆ. ಅದನ್ನು ಹೇಳಿದವನು ಊರೇ ಹಾಳಾಗಿ ಕೂತಿದ್ದವನು, ನೆಮ್ಮದಿಯಲ್ಲಿದ್ದವನಲ್ಲ.

ಈಗ ವಿಮೋಚನಕಾಂಡ 16 ತೆಗೆಯಿರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ, ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಬಿಟ್ಟು, ಪ್ರತಿದಿನ ಬೆಳಿಗ್ಗೆ ಸಿಗುತ್ತಿತ್ತು. ನಾಳೆಗೂ ಇರಲೆಂದು ಎತ್ತಿಟ್ಟುಕೊಂಡವರದ್ದು ಹುಳ ಬಿದ್ದು ನಾರಿತು. ಸಬ್ಬತ್ತಿಗಾಗಿ ಆರನೇ ದಿನ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಕೂಡಿಸದೆ ಉಳಿದದ್ದು ಬಿಸಿಲೇರಿದಾಗ ಕರಗಿಹೋಗುತ್ತಿತ್ತು. ನಿನ್ನೆ ತಪ್ಪಿಸಿಕೊಂಡವನು ಇವತ್ತು ಎರಡು ಪಾಲು ಕೂಡಿಸಬೇಕೆಂಬ ದಂಡ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ನಿಮ್ಮ ಪಟ್ಟಿಗೂ ಇದೇ ನಿಯಮ ಇರಲಿ. ತಪ್ಪಿದ ದಿನ ಹೋಯಿತು, ಇವತ್ತಿನ ಪಾಲು ಓದಿ. ಮೊಬೈಲ್ ಆ್ಯಪ್ ‘ಸತತ ಇಷ್ಟು ದಿನ’ ಎಂದು ಲೆಕ್ಕ ತೋರಿಸುತ್ತಿದ್ದರೆ ಅದನ್ನು ಆಫ್ ಮಾಡಿಬಿಡಿ. ಒಂದು ದಿನ ತಪ್ಪಿ ಲೆಕ್ಕ ಸೊನ್ನೆಗೆ ಬಂದಾಗ ಕೈಬಿಟ್ಟವರು ಬಹಳ.

ಓದು ನಿಂತಿದ್ದು ನಿಮ್ಮ ಭಕ್ತಿ ಕಡಿಮೆಯಾಗಿ ಅಲ್ಲ. ಸತ್ಯವೇದದ ಅಧ್ಯಾಯಗಳು 1189. ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರೂಕಾಲು. ಹತ್ತು ದಿನ ತಪ್ಪಿದರೆ ಮೂವತ್ತೆರಡು ಅಧ್ಯಾಯ ಹಿಂದೆ ಬಿದ್ದಿರುತ್ತೀರಿ. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಯುವಾಗ ಜನವರಿ ಕೊನೆ. ಅಲ್ಲಿಯವರೆಗೆ ಹೆಚ್ಚಾಗಿ ಕಥೆ ಕೈಹಿಡಿದು ನಡೆಸುತ್ತದೆ. ಯಾಜಕಕಾಂಡದ ಮೊದಲ ಏಳು ಅಧ್ಯಾಯ ಪೂರ್ತಿ ಯಜ್ಞಗಳ ವಿಧಿ. 13 ಮತ್ತು 14 ಸೇರಿ 116 ವಚನ ಚರ್ಮರೋಗ, ಗೋಡೆಯ ಬೂಷ್ಟು, ಶುದ್ಧೀಕರಣದ ವಿಷಯ. ಬೆಳಗಿನ ಜಾವ ಒಬ್ಬರೇ ಕೂತು, ವಿವರಿಸುವವರಿಲ್ಲದೆ ಇದನ್ನು ಓದಿ ಮುಗಿಸುವುದು ಯಾರಿಗಾದರೂ ಕಷ್ಟವೇ. ಆ ಪುಸ್ತಕ ಬೇಡವೆನ್ನುತ್ತಿಲ್ಲ. ಮುಂದೆ ಮತ್ತೆ ತೆಗೆದಾಗ 16ನೇ ಅಧ್ಯಾಯವನ್ನು ಇಬ್ರಿಯರಿಗೆ ಬರೆದ ಪತ್ರದ 9 ಮತ್ತು 10ರ ಜೊತೆ ಇಟ್ಟು ಓದಿ. 19ನೆಯದನ್ನಂತೂ ಬಿಡಲೇಬೇಡಿ: ಗದ್ದೆಯ ಅಂಚಿನವರೆಗೂ ಕೊಯ್ಯಬೇಡ, ಉದುರಿದ ತೆನೆ ಹಕ್ಕಲಾಯಬೇಡ, ಅದು ಬಡವರಿಗೆ ಇರಲಿ ಎಂಬ ಮಾತು ಮಂಡ್ಯ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ.

ಸದ್ಯಕ್ಕೆ ಆ ಪಟ್ಟಿಯನ್ನು ಮಡಚಿಟ್ಟು ಮಾರ್ಕನ ಸುವಾರ್ತೆ ಹಿಡಿಯಿರಿ. ಹದಿನಾರೇ ಅಧ್ಯಾಯ. ದಿನಕ್ಕೆ ಹತ್ತು ಹನ್ನೆರಡು ವಚನದಂತೆ ಸುಮಾರು ಎರಡು ತಿಂಗಳ ಓದು.

ಹೊತ್ತಿನ ವಿಷಯ. ವೆಸ್ಲಿಯವರು ನಾಲ್ಕಕ್ಕೆ ಏಳುತ್ತಿದ್ದುದು ನಿಜ. ಮೈಸೂರು ಸೀಮೆಯ ಸಭೆಗಳಲ್ಲಿ ಅನೇಕವು ಅವರ ಪರಂಪರೆಯಿಂದಲೇ 1947ರಲ್ಲಿ ದಕ್ಷಿಣ ಭಾರತ ಸಭೆಗೆ ಬಂದವು, ಹಾಗಾಗಿ ಆ ಮಾತು ನಮ್ಮ ಪ್ರಸಂಗಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ನಾಲ್ಕಕ್ಕೆ ಏಳಬೇಕಾದವರು ಬೇಗ ಮಲಗಿರಬೇಕು. ಹನ್ನೊಂದೂವರೆಗೆ ಪಾತ್ರೆ ತೊಳೆದು ಮಲಗುವವರು ನಾಲ್ಕಕ್ಕೆ ಅಲಾರಂ ಇಟ್ಟರೆ ಒಂದು ವಾರ ನಡೆದೀತು, ಎರಡನೇ ವಾರ ದೇಹ ಒಪ್ಪುವುದಿಲ್ಲ. ಹೊಸ ಹೊತ್ತು ಹುಡುಕುವುದಕ್ಕಿಂತ ಈಗಾಗಲೇ ದಿನಾ ಮಾಡುವ ಕೆಲಸವೊಂದಕ್ಕೆ ಧ್ಯಾನವನ್ನು ಸೇರಿಸುವುದು ಒಳ್ಳೆಯದು. ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಹೊಯ್ದರೆ ಡಿಕಾಕ್ಷನ್ ಇಳಿಯಲು ಹದಿನೈದು ನಿಮಿಷ ಬೇಕು. ಆ ಹದಿನೈದು ನಿಮಿಷ ಒಲೆಯ ಮುಂದೆ ನಿಲ್ಲದೆ ಕೂತುಬಿಡಿ. ಸತ್ಯವೇದ, ಪೆನ್ಸಿಲ್, ಒಂದು ಸಣ್ಣ ನೋಟ್‌ಬುಕ್ಕನ್ನು ರಾತ್ರಿಯೇ ಅಡುಗೆಮನೆಯ ಹತ್ತಿರ, ಓದಬೇಕಾದ ಪುಟಕ್ಕೆ ಗುರುತಿಟ್ಟು, ಇಟ್ಟಿರಿ. ಬೆಳಿಗ್ಗೆ ಎದ್ದು ಎಲ್ಲಿ ಓದಲಿ ಎಂದು ಪುಟ ತಿರುವುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅದರಲ್ಲೇ ವಾಕ್ಯ ಓದುವೆನೆಂದು ತೆಗೆದರೆ ಶಾಲೆಯ ವಾಟ್ಸ್ಆ್ಯಪ್ ಗ್ರೂಪಿನ ಸಂದೇಶ ಮೊದಲು ಕಾಣುತ್ತದೆ.

ಓದುವ ಬಗೆಗೆ ಮಾರ್ಕ 1:29ರಿಂದ 39ರವರೆಗೆ ನೋಡೋಣ. ಮೊದಲ ಸಲ ತುಟಿ ಅಲುಗಿಸಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಯಾರು ಏನು ಮಾಡಿದರು ಎನ್ನುವುದಕ್ಕೆ ಮಾತ್ರ ಗೆರೆ ಎಳೆಯಿರಿ. ಶಿಷ್ಯನಾದ ಸೀಮೋನನ ಅತ್ತೆಗೆ ಜ್ವರ, ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಿಗೆ ಬಂತು. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು ಅಡವಿಯ ಕಡೆ ಹೋಗಿ ಪ್ರಾರ್ಥಿಸಿದರು. ಅಲ್ಲಿಗೂ ಸೀಮೋನ ಹುಡುಕಿಕೊಂಡು ಬಂದ: ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ. ಇಲ್ಲಿ ನಿಲ್ಲಿ. ಸ್ವಾಮಿಯ ಪ್ರಾರ್ಥನೆಗೂ ಜನ ಅಡ್ಡ ಬಂದರು. ಅವರು ಸಿಟ್ಟಾಗಲಿಲ್ಲ, ಆದರೆ ಜನ ಕರೆದ ಕಡೆಗೂ ಹೋಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ ಎಂದರು. ತಾವು ಮಾಡಬೇಕಾದ ಕೆಲಸ ಯಾವುದೆಂದು ಅವರಿಗೆ ಸ್ಪಷ್ಟವಿತ್ತು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಇಂಥದ್ದೊಂದು ಸಾಲು ಬರೆಯಿರಿ: ‘ಇವತ್ತು ಎಲ್ಲರೂ ಕರೆಯುತ್ತಾರೆ, ಯಾವುದು ನನ್ನ ಕೆಲಸ ಎಂದು ತೋರಿಸು.’ ಅದೇ ನಿಮ್ಮ ಪ್ರಾರ್ಥನೆಯ ಮೊದಲ ಮಾತು. ಒಂದೇ ಸಾಲು ಸಾಕು. ಪುಟಗಟ್ಟಲೆ ಬರೆಯಲು ಹೊರಟವರ ನೋಟ್‌ಬುಕ್ ಹತ್ತನೇ ದಿನಕ್ಕೆ ಖಾಲಿ ಉಳಿಯುತ್ತದೆ.

ಮನಸ್ಸು ಅಲೆಯುವುದಕ್ಕೆ ಮುಖ್ಯ ಕಾರಣ, ಬಾಯಿ ಮುಚ್ಚಿ ಮನಸ್ಸಿನಲ್ಲೇ ಪ್ರಾರ್ಥಿಸುವುದು. ನಿಮಗಷ್ಟೇ ಕೇಳುವಂತೆ ಪಿಸುಮಾತಿನಲ್ಲಿ ಪ್ರಾರ್ಥಿಸಿ. ಸಿಲಿಂಡರ್ ನೆನಪಾದರೆ ಓಡಿಸಬೇಡಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ‘ಸಿಲಿಂಡರ್’ ಎಂದು ಬರೆದಿಟ್ಟರೆ ಮರೆತುಹೋಗುವ ಭಯ ಹೋಗುತ್ತದೆ. ಫೀಸಿನ ಚಿಂತೆಯನ್ನು ಮಾತ್ರ ಅಲ್ಲೇ ಪ್ರಾರ್ಥನೆ ಮಾಡಿ. ಅನುದಿನದ ಆಹಾರ ಕೇಳು ಎಂದು ಕಲಿಸಿದವರ ಮುಂದೆ ಫೀಸಿನ ಮಾತು ಎತ್ತಲು ಸಂಕೋಚ ಬೇಡ. ಇನ್ನು ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಂದೇ ಉಸಿರಿನಲ್ಲಿ ಹೇಳದೆ ಒಂದೊಂದು ಬಿನ್ನಹಕ್ಕೂ ನಿಲ್ಲಿ. ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುವಾಗ ನಿನ್ನೆಯ ಒಂದು ತಪ್ಪನ್ನು ಹೆಸರಿಟ್ಟು ಹೇಳಿ. ಇತರರಿಗಾಗಿ ಮಾಡುವ ವಿಜ್ಞಾಪನೆಯಲ್ಲಿ ನಲವತ್ತು ಹೆಸರಿದ್ದರೆ ಎಲ್ಲವನ್ನೂ ದಿನಾ ಓದಬೇಡಿ. ವಾರದ ಏಳು ದಿನಕ್ಕೆ ಐದಾರರಂತೆ ಹಂಚಿದರೆ ಪ್ರತಿ ಹೆಸರಿಗೂ ಒಂದು ಮಾತು ಸೇರುತ್ತದೆ.

ರೈಲಿನ ಹೊತ್ತು ಕೇಳುವುದಕ್ಕೆ ಒಳ್ಳೆಯದು, ಅಷ್ಟೇ. ನೂಕುನುಗ್ಗಲಿನಲ್ಲಿ ಪುಸ್ತಕ ಬಿಡಿಸುವುದು ಬೇಡ. ಫಿಲಿಪ್ಪಿಯವರಿಗೆ ಬರೆದ ಪತ್ರ ಬರೀ 104 ವಚನ. ಮಂಡ್ಯ ಬಿಟ್ಟ ಮೇಲೆ ಇಯರ್‌ಫೋನ್ ಹಾಕಿಕೊಂಡರೆ ಮೈಸೂರು ಬರುವುದರೊಳಗೆ ಪೂರ್ತಿ ಕೇಳಬಹುದು. ಒಂದು ವಾರ ಅದೊಂದನ್ನೇ ದಿನಾ ಕೇಳಿ ನೋಡಿ.

ಕುಟುಂಬ ಪ್ರಾರ್ಥನೆ ಒಂಬತ್ತೂವರೆಗೆ ಬೇಡ, ಊಟಕ್ಕೆ ತಟ್ಟೆ ಹಾಕುವ ಮುಂಚೆ ಇಟ್ಟುಕೊಳ್ಳಿ. ಹತ್ತು ನಿಮಿಷ: ಹಾಡಿನ ಒಂದೆರಡು ಚರಣ, ಮಕ್ಕಳಲ್ಲಿ ಒಬ್ಬರು ಓದುವ ಆರೇಳು ವಚನ, ಇನ್ನೊಬ್ಬರ ಚಿಕ್ಕ ಪ್ರಾರ್ಥನೆ, ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಹಸಿವಿದ್ದಾಗ ಯಾರೂ ತೂಕಡಿಸುವುದಿಲ್ಲ. ಹಿರಿಯರು ಎಚ್ಚರ ವಹಿಸಬೇಕಾದ ಒಂದು ಸಂಗತಿಯುಂಟು. ‘ಕರ್ತನೇ, ಇವನಿಗೆ ಓದುವ ಬುದ್ಧಿ ಕೊಡು, ಮೊಬೈಲ್ ಹುಚ್ಚು ಬಿಡಿಸು’ ಎಂದು ಮಗನ ಮುಂದೆಯೇ ಪ್ರಾರ್ಥಿಸಿದರೆ ಅದು ದೇವರ ಹೆಸರಿನಲ್ಲಿ ಬೈದಂತೆ. ಮಕ್ಕಳು ಪ್ರಾರ್ಥನೆಯಿಂದ ದೂರವಾಗುವುದು ನಿದ್ದೆಗಿಂತ ಇದರಿಂದಲೇ ಹೆಚ್ಚು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ಬಿನ್ನಹವನ್ನು ನಿಮ್ಮ ಬೆಳಗಿನ ಏಕಾಂತಕ್ಕೆ ಇಟ್ಟುಕೊಳ್ಳಿ. ಎಲ್ಲರ ಎದುರು ಅವನಿಗಾಗಿ ಸ್ತೋತ್ರ ಮಾತ್ರ ಹೇಳಿ.

ಇಷ್ಟೆಲ್ಲ ಮಾಡಿಯೂ ಕೆಲವು ದಿನ ಏನೂ ಅನ್ನಿಸದೆ ಹೋಗಬಹುದು. ಆಗ 13ನೇ ಕೀರ್ತನೆ ಓದಿ. ಎಷ್ಟರ ತನಕ ಎಂದು ಕೇಳುವ ಆರೇ ವಚನ. ಬೇಸರ ವಾರಗಟ್ಟಲೆ ಎಳೆದು, ನಿದ್ದೆ, ಊಟ ಎರಡೂ ತಪ್ಪಿದರೆ ಸಭೆಯ ಪಾಲಕರಾದ ಅಯ್ಯನವರಿಗೂ ಹೇಳಿ, ವೈದ್ಯರನ್ನೂ ಕಾಣಿ.

ಇನ್ನು ನಿಮ್ಮ ಅತ್ತೆಯವರ ಮಾತು. ಮುಟ್ಟಿನ ದಿನಗಳಲ್ಲಿ ಸತ್ಯವೇದ ಮುಟ್ಟಬಹುದು, ಓದಬಹುದು, ಪ್ರಾರ್ಥಿಸಬಹುದು. ಯಾಜಕಕಾಂಡ 15ರ ನಿಯಮ ಇಸ್ರಾಯೇಲ್ಯರ ಆರಾಧನೆಯ ಸ್ಥಳವಾದ ದೇವದರ್ಶನದ ಗುಡಾರಕ್ಕೆ ಸಂಬಂಧಪಟ್ಟದ್ದು, ಮತ್ತು ಅದೇ ಅಧ್ಯಾಯ ಗಂಡಸರ ಅಶುದ್ಧಿಯನ್ನೂ ಹೇಳುತ್ತದೆ. ಮಾರ್ಕ 5ರಲ್ಲಿ ಹನ್ನೆರಡು ವರ್ಷ ರಕ್ತಸ್ರಾವವಿದ್ದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಸ್ವಾಮಿಯ ಉಡುಪನ್ನು ಮುಟ್ಟಿದಳು. ಅವರು ದೂರ ಸರಿಯಲಿಲ್ಲ, ‘ಮಗಳೇ’ ಎಂದು ಕರೆದರು. ತಿಂಗಳಿಗೆ ನಾಲ್ಕೈದು ದಿನ ಬಿಟ್ಟರೆ ವರ್ಷಕ್ಕೆ ಸುಮಾರು ಐವತ್ತು ದಿನ. ಅಷ್ಟು ದಿನ ನಿಮ್ಮನ್ನು ವಾಕ್ಯದಿಂದ ದೂರ ಇಡುವ ಆಜ್ಞೆ ಸುವಾರ್ತೆಯಲ್ಲಿಲ್ಲ. ಆದರೆ ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ; ಅವರಿಗೂ ಯಾರೋ ಹಿರಿಯರು ಹಾಗೆ ಕಲಿಸಿರುತ್ತಾರೆ. ನಾವು ಹೇಳಿದ ಲೆಕ್ಕದಲ್ಲಿ ಓದಿದರೆ ಮೂರನೇ ವಾರ ಮಾರ್ಕ 5ರ ಆ ಭಾಗ ಬರುತ್ತದೆ. ಅವತ್ತು ಕುಟುಂಬ ಪ್ರಾರ್ಥನೆಯಲ್ಲಿ 25ರಿಂದ 34ರವರೆಗಿನ ವಚನಗಳನ್ನು ಓದಲು ಅತ್ತೆಯವರನ್ನೇ ಕೇಳಿ. ಕನ್ನಡಕ ಸರಿಹೋಗದಿದ್ದರೆ ದೊಡ್ಡಕ್ಷರದ ಸತ್ಯವೇದ ಸಿಗುತ್ತದೆ, ಒಂದು ಪ್ರತಿ ತಂದುಕೊಡಿ.