ಹಾಲು ಹಲ್ಲು ಹೇಗೂ ಬಿದ್ದು ಹೋಗುತ್ತದಲ್ಲ, ಹುಳುಕಾದರೆ ಚಿಕಿತ್ಸೆ ಬೇಕಾ? ಕಡಿಮೆ ಖರ್ಚಿನಲ್ಲಿ ಎಲ್ಲಿ ಮಾಡಿಸಬಹುದು?

ಖಂಡಿತ ಬೇಕು. ಬಾಯಿಯ ಮುಂಭಾಗದ ಹಾಲು ಹಲ್ಲುಗಳು 6-7 ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ದವಡೆಯ ಹಾಲು ಹಲ್ಲು 10-12 ವರ್ಷದವರೆಗೂ ಇರಬೇಕು, ಅಲ್ಲಿಯವರೆಗೆ ಮಗು ಅಗಿಯಬೇಕಾದ್ದು ಅದರಲ್ಲೇ ಅಲ್ವಾ. ಅವು ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಹೊಸ ಹಲ್ಲು ಸೊಟ್ಟಗೆ ಬರಬಹುದು.

ಒಳ್ಳೆ ಬೆಳಕಿನಲ್ಲಿ ಮಗುವಿನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಮಂಕಾದ ಬಿಳಿ ಗೆರೆ ಕಂಡರೆ ಅದು ಹುಳುಕಿನ ಶುರು ಇರಬಹುದು. ಈ ಹಂತದಲ್ಲೇ ಹಲ್ಲಿನ ಡಾಕ್ಟರ ಹತ್ತಿರ ಫ್ಲೋರೈಡ್ ವಾರ್ನಿಶ್ (ಹಲ್ಲನ್ನು ಗಟ್ಟಿ ಮಾಡುವ ಲೇಪ) ಹಚ್ಚಿಸಿ, ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದನ್ನು ನಿಲ್ಲಿಸಿದರೆ, ಎಷ್ಟೋ ಸಲ ಕೊರೆಯುವ ಗೋಜೇ ಇಲ್ಲದೆ ಅಲ್ಲಿಗೇ ನಿಲ್ಲುತ್ತದೆ. ನೋವು ಬರಲಿ ನೋಡೋಣ ಅಂತ ಸುಮ್ನೆ ಕಾದರೆ ಖರ್ಚೂ ಜಾಸ್ತಿ, ಮಗುವಿನ ಸಂಕಟವೂ ಜಾಸ್ತಿ. 3 ವರ್ಷದೊಳಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಉಜ್ಜುವುದು ನೀವೇ.

ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ವಿದ್ಯಾರ್ಥಿಗಳು ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಆದರೆ ಅನುಭವಿ ಡಾಕ್ಟರು ಮೇಲ್ವಿಚಾರಣೆಗೆ ಇರುತ್ತಾರೆ, ಹಾಗಾಗಿ ನನ್ನ ಪ್ರಕಾರ ಹಿಂಜರಿಯಬೇಕಿಲ್ಲ. ಉಚಿತ ಶಿಬಿರಗಳಲ್ಲಿ ಹೆಚ್ಚಾಗಿ ಬರೀ ತಪಾಸಣೆ ಆಗುತ್ತದೆ, ಮುಂದಿನ ಚಿಕಿತ್ಸೆ ಎಲ್ಲಿ, ಎಷ್ಟಾಗುತ್ತದೆ ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ.